ಅತ್ತೂರಿನ ಸಂತ ಲಾರೆನ್ಸರ ಜಾತ್ರೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಜನರಿಗೆ ಜಾತ್ರೆಯೆಂದರೇನೆಂದು ವಿವರಿಸಬೇಕಾಗಿಲ್ಲ. ದೇವರಿಗೆ ಹೊತ್ತ ಹರಕೆ, ಬೀಗರು ನೆಂಟರ ಭೇಟಿ, ಮಕ್ಕಳ ಕೈಗೆ ಬೆಂಡು ಬತ್ತಾಸು: ಇವೆಲ್ಲ ಕೂಡಿದಾಗ ಅದು ಜಾತ್ರೆ. ಈ ಅನುಭವವುಳ್ಳವರಿಗೆ ದೂರದ ಕರಾವಳಿಯಲ್ಲಿ, ಕಾರ್ಕಳದ ಸಮೀಪದ ಅತ್ತೂರಿನಲ್ಲಿ ನಡೆಯುವ ಕಥೋಲಿಕ ಇಗರ್ಜಿಯ ವಾರ್ಷಿಕೋತ್ಸವವೂ ಅಪರಿಚಿತವೆನಿಸದು.

ಈ ಇಗರ್ಜಿಯ ಮೂಲ 1759ಕ್ಕೆ ಸಲ್ಲುತ್ತದೆ. ಆದರೆ ಅಂದಿನ ಗೋಡೆಗಳನ್ನು ಇಂದು ಹುಡುಕಿದರೆ ಕಾಣವು. 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಇಗರ್ಜಿಯೂ ನೆಲಸಮವಾಯಿತು. 1799ರ ಅನಂತರ ಬದುಕುಳಿದವರು ಮರಳಿದರು. 1801ರಲ್ಲಿ ಮತ್ತೆ ಪ್ರಾರ್ಥನಾಮಂದಿರವನ್ನು ಎಬ್ಬಿಸಿದರು. 1839ರ ಹೊತ್ತಿಗೆ ಹೊಸ ನೆಲೆಯ ಶೋಧ ನಡೆಯಿತು. ಸಂತರ ಮರದ ಪ್ರತಿಮೆಯನ್ನು ಹೊತ್ತು ಹೋಗುತ್ತಿರುವಾಗ, ಒಂದು ಒರತೆಯ ಬಳಿ ಇಳಿಸಿದ ಆ ಪ್ರತಿಮೆ ಮತ್ತೆ ಮೇಲೇಳಲಿಲ್ಲವೆಂದೂ, ಅಲ್ಲಿಯೇ ಗುಡಿ ಕಟ್ಟಿದರೆಂದೂ ಐತಿಹ್ಯ. ನಮ್ಮ ಎಷ್ಟೋ ಗ್ರಾಮದೇವತೆಗಳ ಸ್ಥಳಪುರಾಣ ಇದೇ ಬಗೆಯದಲ್ಲವೇ?

ಲಾರೆನ್ಸನು ಕ್ರಿ. ಶ. 258ರಲ್ಲಿ, ಚಕ್ರವರ್ತಿ ವಲೇರಿಯನ್ನನ ಕಾಲದಲ್ಲಿ, ರೋಮಿನಲ್ಲಿ ಪ್ರಾಣತೆತ್ತ ಧರ್ಮಸೇವಕ. ಇಗರ್ಜಿಯ ಸಂಪತ್ತನ್ನು ಒಪ್ಪಿಸೆಂದು ಅಧಿಕಾರಿಗಳು ಕೇಳಿದಾಗ ಅವನು ಬಡವರನ್ನು ಮುಂದೆ ನಿಲ್ಲಿಸಿದನೆಂಬ ಕಥೆ ಪ್ರಸಿದ್ಧ. ರೋಮಿನ ಪಂಚಾಂಗದಲ್ಲಿ ಅವನ ಸ್ಮರಣೆಯ ದಿನ ಆಗಸ್ಟ್ 10. ತುಳುನಾಡಿನಲ್ಲಿ ಅದು ಜಡಿಮಳೆಯ ಆಟಿ ತಿಂಗಳು. ಹೊಳೆಗಳು ತುಂಬಿ, ಕಣಜಗಳು ಬರಿದಾಗುವ ಕಾಲ. ಅತ್ತೂರಿನ ಮಹೋತ್ಸವವಾದರೋ ಜನವರಿಯಲ್ಲಿ ಹಲವು ದಿನ ನಡೆಯುತ್ತದೆ. ಆ ವೇಳೆಗೆ ದಾರಿ ಒಣಗಿದೆ, ಏಣೆಲು ಬೆಳೆ ಮನೆ ಸೇರಿದೆ. ಸಂತನು ರೋಮಿನವನಾದರೂ ಅವನ ಜಾತ್ರೆ ಈ ಮಣ್ಣಿನ ಋತುಮಾನಕ್ಕೆ ಒಗ್ಗಿಕೊಂಡಿದೆ.

ಒಗ್ಗಿಕೊಂಡದ್ದು ಕಾಲಕ್ಕೆ ಮಾತ್ರವಲ್ಲ, ನೆರೆಹೊರೆಗೂ. 'ಸಾಂತ್‌ಮಾರಿ' ಎಂದೇ ಜನ ಕರೆಯುವ ಈ ಉತ್ಸವಕ್ಕೆ ಎಲ್ಲ ಮತದವರೂ ಬರುತ್ತಾರೆ. ಮೇಣದ ಬತ್ತಿ ಹಚ್ಚಿ ಹರಕೆ ಸಲ್ಲಿಸುತ್ತಾರೆ, ಪುಷ್ಕರಿಣಿಯ ನೀರನ್ನು ಭಕ್ತಿಯಿಂದ ಕೊಂಡೊಯ್ಯುತ್ತಾರೆ. ಬಲಿಪೂಜೆಗಳು ಕೊಂಕಣಿಯಲ್ಲಿಯೂ ಕನ್ನಡದಲ್ಲಿಯೂ ನಡೆಯುತ್ತವೆ.

2016ರಲ್ಲಿ ರೋಮ್ ಈ ಇಗರ್ಜಿಗೆ ಕಿರಿಯ ಬಸಿಲಿಕದ ಗೌರವವನ್ನಿತ್ತಿತು. ಅದಕ್ಕೂ ಬಹು ಹಿಂದೆಯೇ ನೆರೆಯೂರುಗಳ ಜನ ತಮ್ಮ ಹರಕೆಯಿಂದ ಅದಕ್ಕೆ ಮನ್ನಣೆ ಕೊಟ್ಟಿದ್ದರು. ಪ್ರಾಚೀನತೆಯನ್ನು ನಾವು ಸಾಮಾನ್ಯವಾಗಿ ಕಲ್ಲಿನಲ್ಲಿ ಅಳೆಯುತ್ತೇವೆ. ಅತ್ತೂರಿನಲ್ಲಿ ಮೊದಲ ಕಲ್ಲು ಉಳಿಯಲಿಲ್ಲ. ಸೆರೆಯಿಂದ ಮರಳಿದವರು ಮತ್ತೆ ಹಚ್ಚಿದ ದೀಪ ಉಳಿಯಿತು. ಆ ದೀಪಕ್ಕೆ ಇಂದು ಅವರವರ ಮತವನ್ನು ಕೇಳದೆ ಎಲ್ಲರೂ ಬತ್ತಿ ಕೂಡಿಸುತ್ತಿದ್ದಾರೆ.