ಹೈದರ್ ಅಲಿ ಸೇನೆಯ ಫ್ರೆಂಚ್ ಸಿಪಾಯಿಗಳು ಯಾರ ಮಕ್ಕಳು?



ನಮ್ಮ ಬೇತಮಂಗಲಕ್ಕೆ ಹೆಚ್ಚು ದೂರವಲ್ಲದ ಬೂದಿಕೋಟೆಯು ನವಾಬ್ ಹೈದರ್ ಅಲಿ ಅವರ ಜನ್ಮಸ್ಥಳ. ಅವರ ತಂದೆ ಫತೇ ಮುಹಮ್ಮದ್ ಅವರ ಸಮಾಧಿ ಕೋಲಾರದ ಮಕ್ಬರಾದಲ್ಲಿದೆ. ನವಾಬರ ಮನೆತನದ ಗುರುತು ನಮ್ಮ ಜಿಲ್ಲೆಯಲ್ಲೇ ಉಳಿದಿದೆ. ಆದರೆ ಅವರ ಸೇನೆಯಲ್ಲಿ ದುಡಿದ ಫ್ರೆಂಚರು ಯಾವ ಊರಿನವರು, ಯಾರ ಮಕ್ಕಳು? ಇದನ್ನು ತಿಳಿಯುವುದು ಹೇಗೆ?

ಮೊದಲು ರೇಮಂಡ್ ಅವರನ್ನು ನೋಡೋಣ. ಇವರು 1755ರಲ್ಲಿ ದಕ್ಷಿಣ ಫ್ರಾನ್ಸಿನ ಸೆರಿನ್ಯಾಕ್ ಎಂಬಲ್ಲಿ ಹುಟ್ಟಿ, 1775ರಲ್ಲಿ ಪಾಂಡಿಚೇರಿಗೆ ಬಂದರು. ಮೈಸೂರಿನ ಸೇನೆಯಲ್ಲಿ ಕೆಲಸ ಮಾಡಿ, ಬಳಿಕ ಫ್ರೆಂಚ್ ದಳಪತಿ ಬುಸ್ಸಿಯ ಕೈಕೆಳಗಿದ್ದು, 1786ರಲ್ಲಿ ಹೈದರಾಬಾದಿನ ನಿಜಾಮರ ಸೇವೆಗೆ ಸೇರಿದರು. 1798ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರನ್ನು ಮುಸಲ್ಮಾನರು 'ಮೂಸಾ ರಹೀಂ' ಎಂದರು, ಹಿಂದೂಗಳು 'ಮೂಸಾ ರಾಮ್' ಎಂದರು. ಹೈದರಾಬಾದಿನ ಮೂಸಾರಾಂಬಾಗ್ ಬಡಾವಣೆಯಲ್ಲಿ ಆ ಹೆಸರು ಇಂದಿಗೂ ಇದೆ. ಈ ಹೆಸರನ್ನಷ್ಟೇ ಕೇಳಿದವರು ಅವರ ಮೂಲ ಫ್ರಾನ್ಸಿನಲ್ಲಿದೆ ಎಂದು ಊಹಿಸಬಲ್ಲರೇ?

ಇನ್ನೊಬ್ಬರು ಲಾಲಿ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಅವರ ಸೇನೆ ಇಂಗ್ಲಿಷರನ್ನು ಸೋಲಿಸಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲಿನ ಆ ಯುದ್ಧದ ಚಿತ್ರದಲ್ಲಿ ದುರ್ಬೀನು ಹಿಡಿದ ಲಾಲಿಯನ್ನು ಕಾಣಬಹುದು. 1761ರಲ್ಲಿ ಇಂಗ್ಲಿಷರಿಗೆ ಪಾಂಡಿಚೇರಿಯನ್ನು ಒಪ್ಪಿಸಿದ ಕೌಂಟ್ ಲಾಲಿಯೇ ಬೇರೆ. ಆತ ಐರಿಷ್ ಮೂಲದ ಮನೆತನದವನು. 1766ರಲ್ಲಿ ಪ್ಯಾರಿಸ್ಸಿನಲ್ಲಿ ಮರಣದಂಡನೆಗೆ ಗುರಿಯಾದ. ನಮ್ಮ ಲಾಲಿಯ ಹೆಸರು ಫ್ರೆಂಚಿನಲ್ಲಿ 'ಲಾಲ್ಲೇ'. ಇಂಗ್ಲಿಷರ ಬರವಣಿಗೆಯಲ್ಲಿ ಅದು 'ಲಾಲಿ' ಆಯಿತು. ಹೆಸರು ಒಂದೇ ಎಂದ ಮಾತ್ರಕ್ಕೆ ನೆಂಟಸ್ತಿಕೆ ಕಟ್ಟಬಾರದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಹಾಗಾದರೆ ನಿಜವಾದ ಮೂಲವನ್ನು ಹುಡುಕುವುದು ಎಲ್ಲಿ? ಫ್ರೆಂಚ್ ಸೇನೆಯ ಹಾಜರಿ ಪುಸ್ತಕಗಳಲ್ಲಿ ಸಿಪಾಯಿಯ ಹೆಸರು, ಅಡ್ಡಹೆಸರು, ಹುಟ್ಟಿದ ಊರು, ಎತ್ತರ ಬರೆದಿಡುತ್ತಿದ್ದರು. ಆ ಊರಿನ ಚರ್ಚಿನ ದಾಖಲೆಯಲ್ಲಿ ತಂದೆ ತಾಯಿಯ ಹೆಸರು ಸಿಗುತ್ತದೆ. ವಸಾಹತುಗಳಲ್ಲಿ ನೆಲೆಸಿದವರ ಜನನ, ಮದುವೆ, ಮರಣದ ದಾಖಲೆಗಳ ಪ್ರತಿಯನ್ನು ಫ್ರಾನ್ಸಿಗೆ ಕಳುಹಿಸಬೇಕೆಂದು 1776ರಲ್ಲಿ ರಾಜಾಜ್ಞೆಯಾಯಿತು. ಅಂಥ ದಾಖಲೆಗಳು ಈಗ ಎಕ್ಸ್-ಆಂ-ಪ್ರೊವಾನ್ಸ್ ನಗರದ ಪತ್ರಾಗಾರದಲ್ಲಿವೆ. ಹೆಸರು, ಊರು, ವರ್ಷ ಮೂರೂ ತಾಳೆಯಾದರೆ ಮಾತ್ರ ವಂಶದ ಎಳೆ ಕೈಗೆ ಸಿಕ್ಕಿತೆನ್ನಬೇಕು.

ಈ ಪಾಠ ದೂರದ ಫ್ರೆಂಚರಿಗೆ ಮಾತ್ರವಲ್ಲ. ನಿಕಾಹ್‌ನಾಮೆಯಲ್ಲಿ ಉರ್ದುವಿನಲ್ಲಿ 'ಅಬ್ದುಲ್ ಖಾದಿರ್' ಎಂದಿರುವ ಅಜ್ಜ, ಕನ್ನಡದ ಪಹಣಿಯಲ್ಲಿ 'ಖಾದರ್ ಸಾಬ್' ಆಗಿರುತ್ತಾರೆ. ಇಬ್ಬರೂ ಒಬ್ಬರೇ ಎಂದು ಸಾಬೀತುಪಡಿಸಲು ಮೊಮ್ಮಕ್ಕಳು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಎರಡೂ ಲಿಪಿಗಳನ್ನು ಓದಬಲ್ಲ ಮಗು ಮನೆಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ.

ಆದ್ದರಿಂದ ಈ ರಜೆಯಲ್ಲಿ ಮನೆಯ ಟ್ರಂಕು ತೆರೆಯಿರಿ. ನಿಕಾಹ್‌ನಾಮೆ, ಪಹಣಿ, ಶಾಲೆಯ ಟಿ.ಸಿ., 2001ರಲ್ಲಿ ಮುಚ್ಚಿದ ಚಿನ್ನದ ಗಣಿಯಲ್ಲಿ ಹಿರಿಯರು ದುಡಿದಿದ್ದರೆ ಅಲ್ಲಿನ ಕೆಲಸದ ಚೀಟಿ, ಎಲ್ಲವನ್ನೂ ಅಜ್ಜ ಅಜ್ಜಿಯರ ಮುಂದೆ ಕುಳಿತು ಓದಿ. ಅವರು ಹೇಳಿದ್ದನ್ನು ಉರ್ದು, ಕನ್ನಡ ಎರಡರಲ್ಲೂ ಬರೆದು, ವರ್ಷ ನಮೂದಿಸಿ. ಅವರಿರುವಾಗಲೇ ಕೇಳಿಕೊಳ್ಳಬೇಕಾದ ಇತಿಹಾಸವಿದು.