ಅಮೆರಿಕದಲ್ಲಿ ಸಂಗ್ರಹ ವಸ್ತುಗಳ ಆಮದು ಸುಂಕ

ಹಳೆಯ ನಾಣ್ಯ, ಅಂಚೆಚೀಟಿ, ವರ್ಣಚಿತ್ರ, ಆಟಿಕೆ, ಪಿಂಗಾಣಿ, ಕ್ರೀಡಾ ಕಾರ್ಡು ಮುಂತಾದವನ್ನು ಹೊರದೇಶದ ಮಾರಾಟಗಾರರಿಂದ ತರಿಸಿಕೊಳ್ಳುವವರು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ತೆರಬೇಕಾದ ಸುಂಕ. 800 ಡಾಲರಿನೊಳಗಿನ ಪಾರ್ಸೆಲ್‌ಗಳಿಗಿದ್ದ ವಿನಾಯಿತಿ 2025ರಲ್ಲಿ ರದ್ದಾಯಿತು, ಆನ್‌ಲೈನ್ ಸಂಗ್ರಾಹಕರ ಮೇಲೆ ಸುಂಕ ಬಿದ್ದದ್ದು ಅದರಿಂದಲೇ ಎಂಬ ವಿವರಣೆ ಪ್ರಚಾರದಲ್ಲಿದೆ. ಅದು ಅರ್ಧ ಮಾತ್ರ ಸರಿ. ಇಲ್ಲಿ ಮೂರು ಬೇರೆ ಬೇರೆ ಕಟ್ಟಳೆಗಳು ಕಲೆತುಹೋಗಿವೆ: ವಸ್ತು ಯಾವ ವರ್ಗದ್ದೆಂದು ನೋಡುವ ಸುಂಕಪಟ್ಟಿ, ಬೆಲೆಯೆಷ್ಟೆಂದು ನೋಡುವ ಸಣ್ಣ ಪಾರ್ಸೆಲ್ ವಿನಾಯಿತಿ, ತಯಾರಾದದ್ದು ಯಾವ ದೇಶದಲ್ಲೆಂದು ನೋಡುತ್ತಿದ್ದ 2025ರ ತುರ್ತು ಅಧಿಕಾರದ ಸುಂಕ.

ಕಲೆಗೆ ಸುಂಕ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಲಾಕೃತಿಗಳ ಮೇಲಿನ ಸುಂಕ ಸರ್ಕಾರ ಬದಲಾದಂತೆಲ್ಲ ಏರಿಳಿಯುತ್ತಿತ್ತು. 1897ರ ಡಿಂಗ್ಲೆ ಕಾಯ್ದೆ ವರ್ಣಚಿತ್ರ ಮತ್ತು ಶಿಲ್ಪಗಳಿಗೆ ಶೇ. 20 ವಿಧಿಸಿತು. 1909ರ ಪೇನ್-ಆಲ್ಡ್ರಿಚ್ ಕಾಯ್ದೆ 20 ವರ್ಷಕ್ಕಿಂತ ಹಳೆಯ ಕಲಾಕೃತಿಗಳನ್ನೂ ನೂರು ವರ್ಷ ದಾಟಿದ ಪ್ರಾಚೀನ ಕಲಾವಸ್ತುಗಳನ್ನೂ ಸುಂಕದಿಂದ ಬಿಡಿಸಿತು. 1913ರಲ್ಲಿ ಸಮಕಾಲೀನ ಕಲೆಗೂ ಆ ಸವಲತ್ತು ಸಿಕ್ಕಿತು.

ಬ್ಯಾಂಕರ್ ಜೆ. ಪಿ. ಮಾರ್ಗನ್ ತನ್ನ ಸಂಗ್ರಹದ ಬಹುಪಾಲನ್ನು ಲಂಡನ್ನಿನಲ್ಲಿಯೇ ಇಟ್ಟುಕೊಂಡಿದ್ದು 1912ರಲ್ಲಿ ನ್ಯೂಯಾರ್ಕಿಗೆ ಸಾಗಿಸಲು ತೊಡಗಿದ. ಅಮೆರಿಕದ ಸುಂಕ ಹೋದದ್ದೇ ಕಾರಣವೆಂದು ಕೆಲವರೂ, ಬ್ರಿಟನ್ನಿನ ಮರಣೋತ್ತರ ಆಸ್ತಿ ತೆರಿಗೆಯ ಭಯವೇ ಕಾರಣವೆಂದು ಕೆಲವರೂ ಬರೆದಿದ್ದಾರೆ. 1909ರ ನಂತರವೂ ಮೂರು ವರ್ಷ ಕಾದದ್ದನ್ನು ನೋಡಿದರೆ ಎರಡನೆಯದನ್ನು ತಳ್ಳಿಹಾಕುವಂತಿಲ್ಲ.

ಬ್ರಾಂಕೂಸಿ ಮೊಕದ್ದಮೆ

1926ರಲ್ಲಿ ಶಿಲ್ಪಿ ಕಾನ್‌ಸ್ಟಾಂಟಿನ್ ಬ್ರಾಂಕೂಸಿಯ 'ಬರ್ಡ್ ಇನ್ ಸ್ಪೇಸ್' ಎಂಬ ಕಂಚಿನ ಕೃತಿ ಹಡಗಿನಲ್ಲಿ ನ್ಯೂಯಾರ್ಕಿಗೆ ಬಂತು. ಅದನ್ನು ಕೊಂಡಿದ್ದವನು ಛಾಯಾಗ್ರಾಹಕ ಎಡ್ವರ್ಡ್ ಸ್ಟೈಕನ್. ರೆಕ್ಕೆಯಿಲ್ಲ, ಕೊಕ್ಕಿಲ್ಲ, ನೀಳವಾಗಿ ಮೇಲೆದ್ದ ನುಣುಪಾದ ಲೋಹದ ತುಂಡು. ಕಸ್ಟಮ್ಸ್ ಅಧಿಕಾರಿಗಳು ಇದನ್ನು ಶಿಲ್ಪವೆಂದು ಒಪ್ಪದೆ ಶೇ. 40 ಸುಂಕ ಹಾಕಿದರು. ಅಡುಗೆಮನೆ ಮತ್ತು ಆಸ್ಪತ್ರೆಯ ಸಾಮಾನುಗಳ ವರ್ಗಕ್ಕೆ ಸೇರಿಸಿದರು ಎಂದು ವಸ್ತುಸಂಗ್ರಹಾಲಯಗಳ ವಿವರಣೆಗಳಲ್ಲೂ ಪುಸ್ತಕಗಳಲ್ಲೂ ಮತ್ತೆ ಮತ್ತೆ ಬರುತ್ತದೆ. ಮುಂದೆ ಮೊಕದ್ದಮೆಯಲ್ಲಿ ಬಂದ ತೀರ್ಪಿನ ಪಾಠ ಹೇಳುವುದು ಬೇರೆ: 1922ರ ಸುಂಕ ಕಾಯ್ದೆಯ 399ನೆಯ ಕಂಡಿಕೆಯಡಿ, ಬೇರೆಲ್ಲೂ ಹೆಸರಿಸದ ಲೋಹದ ತಯಾರಿಕೆ ಎಂದು ಸುಂಕ ಹಾಕಲಾಗಿತ್ತು. ಪಾತ್ರೆ ಪಡಗಗಳ ಕಂಡಿಕೆ ಬೇರೆಯದೇ, ಅದರ ದರವೂ ಶೇ. 40. ದರ ಒಂದೇ ಆದದ್ದರಿಂದ ಎರಡೂ ಬೆರೆತು ಹೋಗಿರಬೇಕು. ಕತೆಗೆ ರುಚಿ ಕೊಡುವುದಂತೂ ಅಡುಗೆಮನೆಯೇ.

1928ರ ನವೆಂಬರ್ 26ರಂದು ಕಸ್ಟಮ್ಸ್ ನ್ಯಾಯಾಲಯ ಬ್ರಾಂಕೂಸಿಯ ಪರವಾಗಿ ತೀರ್ಪಿತ್ತಿತು. ಹೊಸ ಪಂಥದ ಕಲಾವಿದರು ಪ್ರಕೃತಿಯನ್ನು ಯಥಾವತ್ತಾಗಿ ತೋರಿಸದೆ ಭಾವವನ್ನು ತೋರಿಸಲು ಯತ್ನಿಸುತ್ತಾರೆ, ಅದನ್ನು ಮೆಚ್ಚಿದರೂ ಬಿಟ್ಟರೂ ಆ ಪಂಥ ಇರುವುದನ್ನು ಕಾನೂನು ಗಮನಿಸಬೇಕು ಎಂಬುದು ಅದರ ಸಾರ.

1830ರ ಗೆರೆ

1930ರ ಸುಂಕ ಕಾಯ್ದೆ ಪ್ರಾಚೀನ ವಸ್ತುವಿಗೆ ಒಂದು ಸ್ಥಿರ ಗೆರೆ ಎಳೆಯಿತು: 1830ಕ್ಕಿಂತ ಮೊದಲು ತಯಾರಾಗಿರಬೇಕು. ಕಾಯ್ದೆ ಬಂದ ವರ್ಷ ಇದಕ್ಕೆ ನೂರು ವರ್ಷವೆಂದೇ ಅರ್ಥವಿತ್ತು. ಕಾಲ ಸರಿದರೂ ಗೆರೆ ಸರಿಯಲಿಲ್ಲ. ಹೀಗಾಗಿ 1835ರಲ್ಲಿ ಮಾಡಿದ ಒಂದು ಕುರ್ಚಿ 1965ರಲ್ಲಿ ನ್ಯೂಯಾರ್ಕ್ ಬಂದರಿಗೆ ಬಂದರೆ, 130 ವರ್ಷ ಹಳೆಯದಾಗಿದ್ದರೂ ಹೊಸ ಪೀಠೋಪಕರಣದಂತೆಯೇ ಸುಂಕ ಕೊಡಬೇಕಾಗಿತ್ತು. 1966ರ ತಿದ್ದುಪಡಿ ಸ್ಥಿರ ವರ್ಷವನ್ನು ತೆಗೆದು, ಆಮದಿನ ದಿನಕ್ಕೆ ನೂರು ವರ್ಷ ಮೀರಿರಬೇಕು ಎಂದಿತು. ಅದೇ ಇಂದಿಗೂ ಇದೆ.

ಈಗಿನ ಸುಂಕಪಟ್ಟಿಯ 97ನೆಯ ಅಧ್ಯಾಯದಲ್ಲಿ ಕಲಾಕೃತಿ, ಅಂಚೆಚೀಟಿ, ನಾಣ್ಯಶಾಸ್ತ್ರೀಯ ಸಂಗ್ರಹ, ಪ್ರಾಚೀನ ವಸ್ತುಗಳಿಗೆ ಸಾಮಾನ್ಯ ದರ ಸೊನ್ನೆ. ಪುಸ್ತಕಗಳಿಗೂ ಆಟಿಕೆಗಳಿಗೂ ಸೊನ್ನೆಯೇ. ನೂರು ವರ್ಷ ತುಂಬದ ಪಿಂಗಾಣಿ, ಗಡಿಯಾರ ಮೊದಲಾದವಕ್ಕೆ ಮಾತ್ರ ಸುಂಕವಿದೆ.

ಸಣ್ಣ ಪಾರ್ಸೆಲ್ ವಿನಾಯಿತಿ

ವಸೂಲಿಯ ಖರ್ಚೇ ಸುಂಕಕ್ಕಿಂತ ಹೆಚ್ಚಾಗುವ ಪಾರ್ಸೆಲ್‌ಗಳನ್ನು ಬಿಟ್ಟುಬಿಡಲು 1938ರಲ್ಲಿ 1930ರ ಸುಂಕ ಕಾಯ್ದೆಗೆ 321ನೆಯ ಸೆಕ್ಷನ್ ಸೇರಿತು. 'ಡಿ ಮಿನಿಮಿಸ್' ಎಂದು ಕರೆಯುವುದು ಇದನ್ನೇ. ಆಗಿನ ಮಿತಿ 1 ಡಾಲರ್. 1993ರ ಕಾನೂನು ಅದನ್ನು 200 ಡಾಲರಿಗೆ, 2016ರ ಮಾರ್ಚ್‌ನಲ್ಲಿ ಜಾರಿಯಾದದ್ದು 800 ಡಾಲರಿಗೆ ಏರಿಸಿದವು. ನಡುವೆ 1995ರಲ್ಲಿ ಇಬೇ ಆರಂಭವಾಗಿ ಹೊರದೇಶದ ಹರಾಜು ಮನೆಯ ಮೇಜಿಗೇ ಬಂದಿತ್ತು. ಈ ವಿನಾಯಿತಿಯಡಿ ಬಂದ ಪಾರ್ಸೆಲ್‌ಗಳು 2015ರಲ್ಲಿ ಸುಮಾರು 13.9 ಕೋಟಿ, 2024ರಲ್ಲಿ 136 ಕೋಟಿ. ಈ ಏರಿಕೆಗೆ ಕಾರಣ ಸಂಗ್ರಾಹಕರಲ್ಲ, ಚೀನಾದ ಅಗ್ಗದ ಉಡುಪು ಮತ್ತು ಗೃಹೋಪಯೋಗಿ ಸರಕು.

ಇಲ್ಲಿ ಹಲವು ಬರಹಗಳು ಎಡವುತ್ತವೆ. ನಾಣ್ಯ ಇಲ್ಲವೇ ಅಂಚೆಚೀಟಿ ತರಿಸುವವನಿಗೆ ಈ ವಿನಾಯಿತಿ ಉಳಿಸುತ್ತಿದ್ದದ್ದು ಹಣಕ್ಕಿಂತ ಹೆಚ್ಚಾಗಿ ಕಾಗದಪತ್ರದ ತಾಪತ್ರಯವನ್ನು. ಅವನ ವಸ್ತುವಿಗೆ ಹೇಗೂ ಸುಂಕವಿರಲಿಲ್ಲ.

ತುರ್ತು ಅಧಿಕಾರದ ಸುಂಕ ಮತ್ತು ಕ್ಯೂಬಾದ ಚಿತ್ರಗಳು

2025ರಲ್ಲಿ ಅಧ್ಯಕ್ಷ ಟ್ರಂಪ್ 1977ರ ಅಂತಾರಾಷ್ಟ್ರೀಯ ತುರ್ತು ಆರ್ಥಿಕ ಅಧಿಕಾರ ಕಾಯ್ದೆಯನ್ನು ಬಳಸಿ ದೇಶವಾರು ಸುಂಕ ಹೇರಿದರು. 97ನೆಯ ಅಧ್ಯಾಯದ ಸೊನ್ನೆಗೆ ಇದರ ಮುಂದೆ ಬೆಲೆಯಿರಲಿಲ್ಲ. ಆದರೆ ಅದೇ ಕಾಯ್ದೆಯಲ್ಲಿ ಒಂದು ಹಳೆಯ ತಡೆ ಇತ್ತು. 'ಮಾಹಿತಿ ಸಾಮಗ್ರಿ'ಯ ಆಮದಿಗೆ ಅಧ್ಯಕ್ಷರು ಅಡ್ಡಿಮಾಡುವಂತಿಲ್ಲ ಎಂದು 1988ರ ಬರ್ಮನ್ ತಿದ್ದುಪಡಿ ಹೇಳಿತ್ತು; ನಿರ್ಬಂಧಿತ ದೇಶಗಳ ಪುಸ್ತಕ, ಚಲನಚಿತ್ರಗಳು ಒಳಬರಲೆಂಬುದು ಅದರ ಉದ್ದೇಶ. ಕ್ಯೂಬಾದ ವರ್ಣಚಿತ್ರಗಳೂ ಈ ರಕ್ಷಣೆಗೆ ಬರುತ್ತವೆಂದು 1989ರಲ್ಲಿ ಫ್ಲಾರಿಡಾದ ಫೆಡರಲ್ ನ್ಯಾಯಾಲಯ ತೀರ್ಮಾನಿಸಿತು. 1994ರಲ್ಲಿ ಸಂಸತ್ತು 'ಕಲಾಕೃತಿ' ಎಂಬುದನ್ನು ಪಟ್ಟಿಗೇ ಸೇರಿಸಿತು. ಮೂವತ್ತು ವರ್ಷದ ನಂತರ ಪ್ಯಾರಿಸ್ಸಿನ ಗ್ಯಾಲರಿಯಿಂದ ಚಿತ್ರ ಕೊಂಡವನನ್ನು ಕಾಪಾಡಿದ್ದು ಇದೇ. ಸಂಗ್ರಹ ವಸ್ತುಗಳ ಸುಂಕದ ಚರಿತ್ರೆಗಳಲ್ಲಿ ಇದಕ್ಕೆ ಸಿಕ್ಕಿರುವ ಜಾಗ ತೀರ ಕಡಿಮೆ.

ಪಟ್ಟಿಯಲ್ಲಿ ಪ್ರಕಟಣೆ, ಪೋಸ್ಟರ್, ಗ್ರಾಮಫೋನ್ ತಟ್ಟೆ, ಛಾಯಾಚಿತ್ರ, ಕಲಾಕೃತಿಗಳ ಹೆಸರಿದೆ. ನಾಣ್ಯ, ಅಂಚೆಚೀಟಿ, ಆಟಿಕೆ, ಪೀಠೋಪಕರಣಗಳ ಹೆಸರಿಲ್ಲ. ಮುದ್ರಿತ ಕಾರ್ಡು 'ಪ್ರಕಟಣೆ'ಯೇ? ಕೆತ್ತನೆಯ ಪೆಟ್ಟಿಗೆ 'ಕಲಾಕೃತಿ'ಯೇ? ಬ್ರಾಂಕೂಸಿಯ ಕಾಲದ ಪ್ರಶ್ನೆಯೇ ಹೊಸ ಕಾಯ್ದೆಯಡಿ ಮತ್ತೆ ಎದ್ದಿತು.

2025ರ ಆಗಸ್ಟ್

ಚೀನಾ ಮತ್ತು ಹಾಂಗ್‌ಕಾಂಗ್ ಸರಕಿಗೆ ಡಿ ಮಿನಿಮಿಸ್ ವಿನಾಯಿತಿ 2025ರ ಮೇ 2ರಂದು, ಉಳಿದೆಲ್ಲ ದೇಶಗಳಿಗೆ ಆಗಸ್ಟ್ 29ರಂದು ನಿಂತಿತು. ಅಂಚೆಯ ಪಾರ್ಸೆಲ್‌ಗಳಿಗೆ ಆರು ತಿಂಗಳ ಮಟ್ಟಿಗೆ ಎರಡು ದಾರಿಗಳಿದ್ದವು: ಬೆಲೆಯ ಶೇಕಡಾವಾರು, ಇಲ್ಲವೇ ವಸ್ತುವೊಂದಕ್ಕೆ 80, 160 ಅಥವಾ 200 ಡಾಲರಿನ ಗೊತ್ತಾದ ಮೊತ್ತ. ಆಯ್ಕೆ ಸಾಗಿಸುವವರದು, ಕೊಳ್ಳುವವನದಲ್ಲ. ಇಂಗ್ಲೆಂಡಿನ ಲೆಸ್ನಿ ಕಂಪನಿ ತಯಾರಿಸಿದ ಹಳೆಯ ಮ್ಯಾಚ್‌ಬಾಕ್ಸ್ ಕಾರನ್ನು ಲಂಡನ್ನಿನಿಂದ 20 ಡಾಲರಿಗೆ ಕೊಂಡಿದ್ದರೆ ಬ್ರಿಟನ್ನಿನ ಸರಕಿಗಿದ್ದ ಶೇ. 10ರ ಪ್ರಕಾರ ಸುಂಕ 2 ಡಾಲರ್ ಆಗುತ್ತಿತ್ತು. ಗೊತ್ತಾದ ಮೊತ್ತದ ಪ್ರಕಾರ 80. ಅದೇ ಅಂಗಡಿಯಿಂದ ಕೊಂಡ ಕಾರಿನ ತಳದಲ್ಲಿ 'ಮೇಡ್ ಇನ್ ಚೈನಾ' ಎಂದಿದ್ದರೆ ಚೀನಾದ ದರ ಬೀಳುತ್ತಿತ್ತು. ಮಾರುವವನ ಊರು ಲೆಕ್ಕಕ್ಕೆ ಬರುತ್ತಿರಲಿಲ್ಲ.

ಸುಂಕ ವಸೂಲಿಯ ವ್ಯವಸ್ಥೆ ಸಿದ್ಧವಿಲ್ಲದ್ದರಿಂದ 88 ಅಂಚೆ ಸಂಸ್ಥೆಗಳು ಅಮೆರಿಕಕ್ಕೆ ಪೂರ್ತಿಯಾಗಿಯೋ ಭಾಗಶಃವೋ ಸೇವೆ ನಿಲ್ಲಿಸಿದವು. ಆಗಸ್ಟ್ 29ರಂದು ಅಮೆರಿಕಕ್ಕೆ ಹೋದ ಅಂಚೆ ಒಂದು ವಾರದ ಹಿಂದಿಗಿಂತ ಶೇ. 81ರಷ್ಟು ಇಳಿದಿತ್ತೆಂದು ವಿಶ್ವ ಅಂಚೆ ಒಕ್ಕೂಟ ತಿಳಿಸಿತು. ಭಾರತೀಯ ಅಂಚೆ ಆಗಸ್ಟ್ 25ರಿಂದ ಪಾರ್ಸೆಲ್ ನಿಲ್ಲಿಸಿ, ಅಕ್ಟೋಬರ್ 15ರಂದು ಮತ್ತೆ ಆರಂಭಿಸಿತು. ಆಗ ಭಾರತದ ಸರಕಿಗೆ ಘೋಷಿತ ಬೆಲೆಯ ಶೇ. 50 ಸುಂಕವಿತ್ತು, ಬಿದರಿ ಹೂಜಿಯಾಗಲಿ ಚನ್ನಪಟ್ಟಣದ ಬೊಂಬೆಯಾಗಲಿ ಅಂಚೆಯಲ್ಲಿ ಹೋದರೆ ಅಷ್ಟೇ ದರ.

ಈ ಬದಲಾವಣೆಯೆಲ್ಲ ಅಧ್ಯಕ್ಷರ ಆದೇಶಗಳಿಂದಲೇ ಆದದ್ದೆಂದು ತಿಳಿಯುವುದೂ ಸರಿಯಲ್ಲ. 2025ರ ಜುಲೈ 4ರಂದು ಸಹಿಯಾದ ಬಜೆಟ್ ಕಾನೂನು ವಾಣಿಜ್ಯ ಪಾರ್ಸೆಲ್‌ಗಳ ಡಿ ಮಿನಿಮಿಸ್ ವಿನಾಯಿತಿಯನ್ನು 2027ರ ಜುಲೈ 1ರಿಂದ ಕಾಯ್ದೆಯಿಂದಲೇ ತೆಗೆದುಹಾಕುತ್ತದೆ.