ಹಡಗು ಹತ್ತುವ ಮೊದಲು ಬರೆದುಕೊಟ್ಟ ಬದುಕು

ಹತ್ತೊಂಬತ್ತನೆಯ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಮಿಶನರಿಗಳನ್ನು ತಯಾರು ಮಾಡುತ್ತಿದ್ದ ಮಿಶನ್ ಮನೆ ಸೇರಬೇಕೆಂದು ಆಸೆಪಟ್ಟ ಹುಡುಗ ಬರೀ ಅರ್ಜಿ ಹಾಕಿದರೆ ಸಾಲುತ್ತಿರಲಿಲ್ಲ. ಊರಿನ ಪಾದ್ರಿಗಳ ಶಿಫಾರಸು ಬೇಕು, ಅಪ್ಪ ಅಮ್ಮನ ಒಪ್ಪಿಗೆ ಬೇಕು, ದೇಹ ಗಟ್ಟಿಯಾಗಿದೆ ಎಂದು ವೈದ್ಯರ ಚೀಟಿ ಬೇಕು. ಇವೆಲ್ಲದರ ಜೊತೆಗೆ ಅಲ್ಲಿಯವರೆಗಿನ ತನ್ನ ಬದುಕನ್ನು ಅವನು ತಾನೇ ಬರೆದು ಕಳಿಸಬೇಕು. ಎಲ್ಲಿ ಹುಟ್ಟಿದೆ, ಅಪ್ಪನ ಕಸುಬೇನು, ಯಾವಾಗ ದೇವರನ್ನು ಮರೆತೆ, ಯಾವಾಗ ದೇವರು ನಿನ್ನನ್ನು ಹಿಡಿದು ನಿಲ್ಲಿಸಿದ, ಪರದೇಶಕ್ಕೆ ಹೋಗಬೇಕೆಂಬ ಕರೆ ಹೇಗೆ ಬಂತು. ಮೀಸೆ ಆಗಷ್ಟೇ ಮೂಡಿದ ಹುಡುಗರು ಮುದುಕರ ಹಾಗೆ ಹಿಂದೆ ತಿರುಗಿ ನೋಡಿ ಬರೆದರು. ಆ ಬರಹಗಳು ಬಾಸೆಲಿನ ಪತ್ರಾಗಾರದಲ್ಲಿ ಇವತ್ತಿಗೂ ಇವೆ. ಒಬ್ಬೊಬ್ಬ ಮಿಶನರಿಗೆ ಒಂದೊಂದು ನಂಬರು, ನಂಬರಿಗೊಂದು ಕಾಗದದ ಕಟ್ಟು.

ನಾನು ಮಂಗಳೂರಿನ ಬಾಸೆಲ್ ಮಿಶನ್ ಸಭೆಯಲ್ಲಿ ಬೆಳೆದವಳು, ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಅಜ್ಜಿ ಮಿಶನ್ನಿನ ನೇಯ್ಗೆ ಕಾರ್ಖಾನೆಯಲ್ಲಿ ದುಡಿದವರು. ಆ ಬರಹಗಳ ಜರ್ಮನ್ ನನಗೆ ಬಾರದು. ಇಂಗ್ಲಿಷಿಗೆ ಬಂದಷ್ಟನ್ನು, ವಿದ್ವಾಂಸರು ಎತ್ತಿ ಬರೆದಷ್ಟನ್ನು ಓದಿದ್ದೇನೆ. ನಮ್ಮ ಮನೆಗಳ ಗೋಡೆಯ ಮೇಲೆ ಬಹಳ ಕಾಲ ಈ ಮಿಶನರಿ ದೊರೆಗಳ ಪಟಗಳಿದ್ದವು. ಕಪ್ಪು ಕೋಟು, ದಪ್ಪ ಗಡ್ಡ, ನಗದ ಮುಖ. ಹಡಗು ಹತ್ತುವ ಮೊದಲು ಇವರು ಏನಾಗಿದ್ದರು ಎಂದು ನಮ್ಮಲ್ಲಿ ಯಾರೂ ಕೇಳಿದ್ದಿಲ್ಲ. ಗಡ್ಡದೊಂದಿಗೇ ಹುಟ್ಟಿದವರೆಂದು ನಾವು ನಂಬಿದ್ದಿರಬೇಕು.

ಹೀಗೆ ಬದುಕನ್ನು ಬರೆದಿಡುವ ಪದ್ಧತಿ ಬಾಸೆಲಿನವರು ಹುಟ್ಟಿಸಿದ್ದಲ್ಲ. ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನ ಮೊರೇವಿಯನ್ ಕ್ರೈಸ್ತರಲ್ಲಿ ಪ್ರತಿಯೊಬ್ಬರೂ ತಮ್ಮ ಕಥೆಯನ್ನು ಬರೆದಿಡುವ, ಸತ್ತಾಗ ಸಭೆಯ ಮುಂದೆ ಅದನ್ನು ಓದುವ ಸಂಪ್ರದಾಯವಿತ್ತು. ಅಲ್ಲಿ ಮಣ್ಣು ಮಾಡುವ ದಿನ ಓದುತ್ತಿದ್ದುದನ್ನು ಬಾಸೆಲಿನಲ್ಲಿ ಕೆಲಸಕ್ಕೆ ಸೇರುವ ದಿನವೇ ಬರೆಸಿಕೊಂಡರು. ಮಾತು ಕ್ರೂರವಾಗಿ ಕೇಳಿಸಬಹುದು, ಆದರೆ ಲೆಕ್ಕ ತಪ್ಪಿರಲಿಲ್ಲ. 1828ರ ಕೊನೆಯಲ್ಲಿ ಬಾಸೆಲಿನಿಂದ ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟಿಗೆ, ಅಂದರೆ ಇಂದಿನ ಘಾನಾಕ್ಕೆ, ನಾಲ್ವರು ಹೋಗಿ ಇಳಿದರು. ಮೂವರು ವರ್ಷ ತುಂಬುವುದರೊಳಗೆ ಜ್ವರದಿಂದ ತೀರಿದರು, ನಾಲ್ಕನೆಯವರು 1831ರಲ್ಲಿ. ಇದು ಗೊತ್ತಿದ್ದೂ ಹುಡುಗರು ಅರ್ಜಿ ಹಾಕಿದರು. ಆಫ್ರಿಕವೋ ಇಂಡಿಯವೋ ಮುಂದೆ ಚೀನವೋ ಎಂದು ಆರಿಸುವ ಹಕ್ಕು ಅವರಿಗಿರಲಿಲ್ಲ. ಮಿಶನ್ನಿನ ಕಮಿಟಿ ಹೇಳಿದ ಕಡೆ ಹೋಗಬೇಕು.

ಇಂಡಿಯದ ಬಾಗಿಲು ತೆರೆದದ್ದು 1833ರಲ್ಲಿ, ಈಸ್ಟ್ ಇಂಡಿಯ ಕಂಪನಿಯ ಸನದು ಬದಲಾಗಿ ಬ್ರಿಟಿಷರಲ್ಲದ ಮಿಶನ್ನುಗಳಿಗೂ ಅವಕಾಶ ಸಿಕ್ಕಾಗ. ಮರುವರ್ಷ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಆ ತಿಂಗಳ ಕೊನೆಗೆ ಮಂಗಳೂರು ತಲುಪಿದರು.

ಅರ್ಜಿಯ ಜೊತೆ ಬಂದ ಆ ಬದುಕಿನ ಬರಹಗಳನ್ನು ಓದುವಾಗ ಮೊದಲು ಕಾಣುವುದು ಒಂದೇ ಅಚ್ಚು. ಭಕ್ತಿವಂತ ತಾಯಿ, ಬಾಲ್ಯದಲ್ಲೊಂದು ದೊಡ್ಡ ಕಾಯಿಲೆ, ದೃಢೀಕರಣದ ದಿನ ಕರಗಿದ ಮನಸ್ಸು, ಆಮೇಲೆ ಲೋಕದ ಸಹವಾಸ, ಕುಣಿತ, ಇಸ್ಪೀಟು, ನಂತರ ಒಂದು ಸಾವೋ ಒಂದು ಪ್ರಸಂಗವೋ ತಟ್ಟಿ ಎಬ್ಬಿಸಿದ್ದು, ಕೊನೆಗೆ ಮಿಶನ್ ಉತ್ಸವದಲ್ಲಿ ಕೇಳಿದ ಕರೆ. ನಮ್ಮ ಸಭೆಗಳ ಪ್ರಾರ್ಥನಾ ಕೂಟಗಳಲ್ಲಿ ಇವತ್ತು ಸಾಕ್ಷಿ ಹೇಳುವವರ ಮಾತೂ ಇದೇ ದಾರಿ ಹಿಡಿಯುತ್ತದೆ; ಸಿನಿಮಾ ನೋಡಿದ್ದನ್ನು ಕೊಲೆಯಷ್ಟು ದೊಡ್ಡದು ಮಾಡಿ ಹೇಳುವವರನ್ನು ನಾನು ಕಂಡಿದ್ದೇನೆ. ಕಮಿಟಿಗೂ ಬೇಕಾದದ್ದು ಅದೇ. ತನ್ನನ್ನು ಪಾಪಿ ಎಂದು ಒಪ್ಪದವನು ಅಲ್ಲಿ ಪಾಸಾಗುತ್ತಿರಲಿಲ್ಲ. ಹಾಗಾಗಿ ಪಾಪದ ಪ್ರಕರಣಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ನಂಬುವುದು ಕಸುಬಿನ ಮಾತುಗಳನ್ನು. ಅರ್ಜಿ ಹಾಕಿದವರಲ್ಲಿ ಬಹಳ ಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ನೇಕಾರರು, ಚಮ್ಮಾರರು, ದರ್ಜಿಗಳು, ಬಡಗಿಗಳು, ಬೇಸಾಯಗಾರರ ಮಕ್ಕಳು. ಆ ಸೀಮೆ 1816-17ರಲ್ಲಿ ಬೆಳೆ ಕೆಟ್ಟು ಹಸಿವು ಕಂಡದ್ದು, 1840ರ ದಶಕದಲ್ಲಿ ಆಲೂಗಡ್ಡೆಗೆ ರೋಗ ಬಂದು ಮತ್ತೆ ಕಂಗೆಟ್ಟದ್ದು. ಅಪ್ಪನ ಹೊಲ ಮಕ್ಕಳಲ್ಲಿ ಹಂಚಿ ಹಂಚಿ ತುಂಡಾಗಿತ್ತು. ಸಾವಿರಾರು ಮಂದಿ ಅಮೆರಿಕಕ್ಕೆ ಹೋದರು. ಇಂಥಲ್ಲಿ ಒಬ್ಬ ನೇಕಾರನ ಮಗನಿಗೆ ಮಿಶನ್ ಮನೆ ಎಂದರೆ ಊಟ, ವಸತಿ, ಜೊತೆಗೆ ಲ್ಯಾಟಿನ್, ಗ್ರೀಕ್, ಹೀಬ್ರೂ, ಇಂಗ್ಲಿಷ್. ಯೂನಿವರ್ಸಿಟಿಯ ಮೆಟ್ಟಿಲು ಏರಲಾಗದವನು ಪಾದ್ರಿಯಾಗಬಹುದಿತ್ತು. ಆದರೆ ಓದುವ ಆಸೆಯಿಂದ ಬಂದೆ ಎಂದು ಬರೆದರೆ ಅರ್ಜಿ ಬಿತ್ತು. ಆ ಆಸೆಯನ್ನು ಮುಚ್ಚಿ ಬರೆಯುವ ಕಷ್ಟವಿದೆಯಲ್ಲ, ಅದನ್ನು ನಮ್ಮ ಕರಾವಳಿಯ ಬಡ ಹುಡುಗರು ಯಾರೂ ಬಿಡಿಸಿ ಹೇಳದೆಯೇ ಅರ್ಥ ಮಾಡಿಕೊಂಡಾರು.

ಎಲ್ಲರೂ ಬಡವರಲ್ಲ. ಸಾಮ್ಯುಯೆಲ್ ಹೆಬಿಕ್ ಉಲ್ಮ್ ಬಳಿಯ ಹಳ್ಳಿಯ ಪಾದ್ರಿಯ ಮಗ, 1803ರಲ್ಲಿ ಹುಟ್ಟಿದವರು. ಲ್ಯೂಬೆಕ್ ಎಂಬ ಬಂದರಿನಲ್ಲಿ ವ್ಯಾಪಾರ ಕಲಿತು, ವರ್ತಕರ ಪ್ರತಿನಿಧಿಯಾಗಿ ಸ್ವೀಡನ್, ಫಿನ್‌ಲ್ಯಾಂಡ್, ರಷ್ಯಗಳನ್ನು ಸುತ್ತಿದವರು. 1821ರಲ್ಲಿ ಲ್ಯೂಬೆಕಿನಲ್ಲೇ ತಮಗೆ ಮನಪರಿವರ್ತನೆ ಆಯಿತೆಂದು ಹೇಳಿಕೊಂಡರು, ಬಾಸೆಲಿಗೆ ಬಂದದ್ದು ಮಾತ್ರ ಸುಮಾರು ಹತ್ತು ವರ್ಷದ ಮೇಲೆ. ಅವರು ನಮ್ಮ ಭಾಷೆಗಳನ್ನು ಕೊನೆತನಕ ಸರಿಯಾಗಿ ಕಲಿಯಲಿಲ್ಲ. ದುಭಾಷಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಜಾತ್ರೆಗಳಲ್ಲಿ ಬೋಧಿಸಿದರು. ಆದರೂ ಜನ ಸೇರುತ್ತಿದ್ದರು. ಆ ಎದೆಗಾರಿಕೆ ಮಿಶನ್ ಮನೆಯ ಪಾಠದಿಂದ ಬಂದದ್ದಲ್ಲ, ಊರೂರು ಅಲೆದು ಸರಕು ಮಾರಿದವನದು ಎಂದು ನನ್ನ ಗುಮಾನಿ. ಹರ್ಮನ್ ಮೋಗ್ಲಿಂಗ್ ಟ್ಯೂಬಿಂಗನ್ನಿನಲ್ಲಿ ದೇವತಾಶಾಸ್ತ್ರ ಓದಿಯೇ ಬಂದವರು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿದ್ದು ಅವರೇ. ಫರ್ಡಿನಾಂಡ್ ಕಿಟ್ಟೆಲ್ ಉತ್ತರದ ಕಡಲಂಚಿನ ಪೂರ್ವ ಫ್ರೀಸ್‌ಲ್ಯಾಂಡಿನ ಪಾದ್ರಿಯ ಹಿರಿಮಗ, 1850ರಲ್ಲಿ ಹದಿನೆಂಟರ ಹರೆಯದಲ್ಲಿ ಬಾಸೆಲಿಗೆ ಸೇರಿದರು, 1853ರಲ್ಲಿ ಇಲ್ಲಿಗೆ ಬಂದರು. 1894ರಲ್ಲಿ ಅವರು ಹೊರತಂದ ಕನ್ನಡ-ಇಂಗ್ಲಿಷ್ ನಿಘಂಟಿನ ಕನಸು ಹದಿನೆಂಟರ ಹುಡುಗನಿಗೆ ಬೀಳುವುದು ಸಾಧ್ಯವೇ ಇರಲಿಲ್ಲ.

ಹುಡುಗರಿಗೆ ಇನ್ನೊಂದು ಕಟ್ಟಳೆಯಿತ್ತು. ಹಡಗು ಹತ್ತುವಾಗ ಮದುವೆಯಾಗಿರಬಾರದು, ನಿಶ್ಚಿತಾರ್ಥವೂ ಆಗಿರಬಾರದು. ಎರಡು ವರ್ಷ ಕೆಲಸ ಮಾಡಿದ ಮೇಲೆ ಮದುವೆಗೆ ಅಪ್ಪಣೆ ಕೇಳಬಹುದು. ಹೆಣ್ಣನ್ನು ಕಮಿಟಿ ಪರೀಕ್ಷಿಸಬೇಕು. ಆಗ ಆ ಹೆಣ್ಣೂ ತನ್ನ ಬದುಕನ್ನು ಬರೆದು ಕಳಿಸಬೇಕು. ಎಷ್ಟೋ ಮಂದಿ ವರನನ್ನು ಕಂಡೇ ಇಲ್ಲ. ಸೂಯೆಜ್ ಕಾಲುವೆ ಇನ್ನೂ ತೆರೆಯದ ದಿನಗಳಲ್ಲಿ ದೂರದ ದಾರಿ ಹಿಡಿದು ಬಂದು, ಬಂದರಿನಲ್ಲಿ ಮೊದಲ ಸಲ ಮುಖ ನೋಡಿ, ಕೆಲವೇ ದಿನಗಳಲ್ಲಿ ಮದುವೆ. ಈ ಹೆಣ್ಣುಮಕ್ಕಳ ಬರಹಗಳೇ ನನಗೆ ಹೆಚ್ಚು ಹತ್ತಿರ. ಗಂಡಸರು ಕರೆಗಾಗಿ ಬರೆದರು; ಇವರು ಗುರುತಿಲ್ಲದವನೊಬ್ಬನ ಕೈ ಹಿಡಿಯಲು ಯೋಗ್ಯರೆಂದು ತೋರಿಸಲು ಬರೆದರು. ಮುಂದೆ ಹುಟ್ಟಿದ ಮಕ್ಕಳನ್ನು ಆರರ ಹೊತ್ತಿಗೆ ಬಾಸೆಲಿಗೆ ಕಳಿಸಿಕೊಡಬೇಕೆಂಬ ನಿಯಮ 1853ರಲ್ಲಿ ಬಂತು. ಅದಕ್ಕೂ ಮೊದಲೇ ಕಳಿಸಿದವರಿದ್ದರು. ಮಿಶನರಿ ಗುಂಡರ್ಟ್ ದಂಪತಿಗಳು ತಲಶೇರಿಯಲ್ಲಿ ಹುಟ್ಟಿದ ತಮ್ಮ ಮಗಳು ಮೇರಿಯನ್ನು ಪುಟ್ಟ ಮಗುವಾಗಿದ್ದಾಗಲೇ ಯುರೋಪಿನಲ್ಲಿ ಬಿಟ್ಟರು. ಮತ್ತೆ ಅಪ್ಪ ಅಮ್ಮನ ಬಳಿ ಬರುವಾಗ ಅವಳು ದೊಡ್ಡ ಹುಡುಗಿ. ಕಾದಂಬರಿಕಾರ ಹರ್ಮನ್ ಹೆಸ್ಸೆ ಅವಳ ಮಗ.

ಇನ್ನು ನಮ್ಮವರು. ಮಂಗಳೂರಿನ ಸಾರಸ್ವತ ಹುಡುಗ ಆನಂದರಾವ್ ಕೌಂಡಿನ್ಯ ಮಿಶನ್ ಶಾಲೆಯಲ್ಲಿ ಓದಿ 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದರು. ಊರು ಕೆರಳಿತು, ಮನೆ ಬಾಗಿಲು ಮುಚ್ಚಿತು. 1846ರಲ್ಲಿ ಮೋಗ್ಲಿಂಗರ ಜೊತೆ ಹಡಗು ಹತ್ತಿ ಅದೇ ಮಿಶನ್ ಮನೆಯಲ್ಲಿ ವಿದ್ಯಾರ್ಥಿಯಾದರು, 1851ರಲ್ಲಿ ಗುರುದೀಕ್ಷೆ ಪಡೆದು ಹಿಂದಿರುಗಿ ಇಲ್ಲಿಯ ಸೆಮಿನರಿಯಲ್ಲಿ ಕಲಿಸಿದರು. ಜರ್ಮನ್ ಹುಡುಗರು ಬಿಟ್ಟುಬಂದದ್ದು ಊರನ್ನು. ಅಪ್ಪ ಅಮ್ಮನ ಆಶೀರ್ವಾದ ಜೇಬಿನಲ್ಲಿತ್ತು, ಕಾಗದ ಬರೆದರೆ ಉತ್ತರ ಬರುತ್ತಿತ್ತು. ಕೌಂಡಿನ್ಯರು ಬಿಟ್ಟದ್ದು ಜಾತಿ, ಬಂಧುಬಳಗ, ಸಮುದ್ರ ದಾಟಬಾರದೆಂಬ ಕಟ್ಟಳೆ, ಎಲ್ಲವನ್ನೂ. ಇವರಿಗೂ ಅವರಿಗೂ ಒಂದೇ ಮಾದರಿಯ ಕಥೆ ಹೊಂದುವುದಿಲ್ಲ.

ಕೌಂಡಿನ್ಯರಿಗೆ ಬಾಸೆಲಿನಲ್ಲಿ ಒಂದು ಕಾಗದದ ಕಟ್ಟಾದರೂ ಇದೆ. 1851ರಲ್ಲಿ ಹಾಲರ್ ದೊರೆ ಬಂದು ನೇಯ್ಗೆ ಕಾರ್ಖಾನೆಯನ್ನು ಬೆಳೆಸಿದರು, 1865ರಲ್ಲಿ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ಹಾಕಿದರು ಎಂದು ನಾವೆಲ್ಲ ಬಾಯಿಪಾಠ ಹೇಳುತ್ತೇವೆ. ಮಗ್ಗದಲ್ಲಿ ಕೂತವರು, ನೇತ್ರಾವತಿಯ ದಡದ ಆವೆಮಣ್ಣು ಹೊತ್ತವರು, ದೊರೆಯ ಹಿಂದೆ ಬೈಬಲ್ ಹಿಡಿದು ನಡೆದ ಉಪದೇಶಿ ಏನೆಂದು ಬರೆದುಕೊಟ್ಟರು? ಅವರಿಗೆ ಯಾರೂ ಬರೆಯಲು ಹೇಳಲಿಲ್ಲ. ವರದಿಗಳಲ್ಲಿ ಅವರು ಬರುವುದು ದೀಕ್ಷಾಸ್ನಾನದಲ್ಲಿ ಕೊಟ್ಟ ಹೆಸರಿನಿಂದ, ಆ ದಿನದಿಂದಾಚೆಗೆ. ಅದಕ್ಕೆ ಹಿಂದಿನದು ‘ಅಂಧಕಾರ’ ಎಂಬ ಒಂದೇ ಮಾತಿನಲ್ಲಿ ಮುಗಿಯುತ್ತದೆ. ನನ್ನ ಅಜ್ಜಿ ತುಳುವಿನಲ್ಲಿ ಪಾಡ್ದನವೆಂಬ ಹಾಡುಗತೆಯ ತುಣುಕುಗಳನ್ನು ಗುನುಗುತ್ತಿದ್ದರು. ಅದನ್ನು ಯಾರಿಂದ ಕಲಿತಿರಿ ಎಂದರೆ ‘ಅಮ್ಮ ಹೇಳುತ್ತಿದ್ದರು, ಈಗ ಹೇಳಬಾರದು’ ಎನ್ನುತ್ತಿದ್ದರು. ಅಜ್ಜಿಯ ಅಮ್ಮನಿಗೂ ಸಭೆಗೆ ಸೇರುವ ಮೊದಲು ಒಂದು ಬದುಕಿತ್ತು ಎಂಬುದಕ್ಕೆ ನಮ್ಮ ಮನೆಯಲ್ಲಿರುವ ದಾಖಲೆ ಅಷ್ಟೇ.

ಬಾಸೆಲಿನವರ ಮೇಲೆ ನನಗೆ ಸಿಟ್ಟಿಲ್ಲ. ಅವರು ತಮ್ಮ ನೇಕಾರರ ಮಕ್ಕಳನ್ನು ಬರೆಯಲು ಕೂರಿಸಿದರು, ಬರೆದದ್ದನ್ನು ಇನ್ನೂರು ವರ್ಷ ಜೋಪಾನವಾಗಿ ಇಟ್ಟರು. ನಾವು ಅಷ್ಟನ್ನೂ ಮಾಡಲಿಲ್ಲ. ಮಂಗಳೂರು, ಉಡುಪಿ, ಧಾರವಾಡ, ಹುಬ್ಬಳ್ಳಿ, ಕೊಡಗಿನ ಹಳೆಯ ಮಿಶನ್ ಮನೆತನಗಳಲ್ಲಿ ಟ್ರಂಕಿನ ತಳದಲ್ಲಿ ಇನ್ನೂ ಕಾಗದಗಳಿವೆ: ಕಾರ್ಖಾನೆಯ ಚೀಟಿ, ಉಪದೇಶಿಯ ದಿನಚರಿ, ಬೈಬಲಿನ ಮೊದಲ ಪುಟದಲ್ಲಿ ಬರೆದ ಹುಟ್ಟು ಸಾವುಗಳು. ಮನೆ ಕೆಡವುವಾಗ ಅವನ್ನು ಗುಜರಿಗೆ ಹಾಕಬೇಡಿ. ಮಂಗಳೂರಿನ ಬಲ್ಮಠದ ದೇವತಾಶಾಸ್ತ್ರ ಕಾಲೇಜಿನ ಪತ್ರಾಗಾರಕ್ಕೆ ಒಮ್ಮೆ ತೋರಿಸಿ. ಎಂಬತ್ತು ದಾಟಿದವರು ಮನೆಯಲ್ಲಿದ್ದರೆ ಈ ವಾರವೇ ಅವರ ಪಕ್ಕ ಕೂತು, ಅವರ ಅಜ್ಜ ಅಜ್ಜಿ ಸಭೆಗೆ ಸೇರುವ ಮೊದಲು ಯಾವ ಊರಲ್ಲಿದ್ದರು, ಏನು ಕೆಲಸ ಮಾಡುತ್ತಿದ್ದರು ಎಂದು ಕೇಳಿ ಬರೆದುಕೊಳ್ಳಿ.